ಬಣ್ಣ ಬಳಿಯದೆ ಬಿಟ್ಟ ಉಗುರು

ಕಡಲ ದಂಡೆಯ ನಮ್ಮ ಪುಟ್ಟ ಊರು ಬನ್‌ಕ್ರಾನಾದಲ್ಲಿ ಮಜೆಲ್ಲಾ ಹಾರ್ಕಿನ್‌ಳಷ್ಟು ಅಂಜುಬುರುಕಿ ಇನ್ನೊಬ್ಬಳಿರಲಾರಳು. ಇಪ್ಪತ್ತಾರು ವರ್ಷದಿಂದ ನಾನು ಅವಳ ಪಕ್ಕದ ಮನೆಯಲ್ಲಿದ್ದೇನೆ. ನಮ್ಮಿಬ್ಬರ ಅಡುಗೆಮನೆಗಳ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಕೊಂಕಿಗೆ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಅವಳಿಗೆ ನಾಯಿ ಎಂದರೆ ಭಯ, ಫೋನು ಬಡಿದುಕೊಂಡರೆ ಭಯ. ಲಿಫ್ಟು, ಸೇತುವೆ, ಗುಡುಗು, ಅಂಚೆಯವನು ಬಾಗಿಲ ಸಂದಿಯಿಂದ ತೂರಿಸುವ ಕಂದು ಲಕೋಟೆ, ಯಾವುದನ್ನು ಕಂಡರೂ ಎದೆ ಹಿಡಿದುಕೊಳ್ಳುತ್ತಾಳೆ. ಸಮುದ್ರ ಮನೆಯಿಂದ ಮುನ್ನೂರು ಹೆಜ್ಜೆ, ಅದರಲ್ಲಿ ಅವಳು ಪಾದ ತೋಯಿಸಿದ್ದನ್ನು ನಾನು ಕಂಡಿಲ್ಲ. ಒಮ್ಮೆ ನಾನು ಎದೆಯುರಿ ಎಂದು ಒಂದು ಚಮಚ ಸೋಡಾಪುಡಿ ಕೇಳಲು ಹೋದರೆ ಆಂಬುಲೆನ್ಸನ್ನೇ ಕರೆಸಿಬಿಟ್ಟಳು. ಆಮೇಲೆ ಎರಡು ತಿಂಗಳು ಬೀದಿಯವರೆಲ್ಲ ನನ್ನನ್ನು ಕಂಡಾಗ ಎದೆ ಒತ್ತಿಕೊಂಡು ಬೀಳುವಂತೆ ನಟಿಸಿದರು.

ಎಲ್ಲಕ್ಕಿಂತ ದೊಡ್ಡ ಭಯ ಹ್ಯಾಲೋವೀನಿನದು. ಅವಳಿಗೆ ಏಳು ವರ್ಷವಾಗಿದ್ದಾಗ, ಆ ಸಂಜೆ ತಾಯಿ ಹಿತ್ತಲಿಗೆ ಕಲ್ಲಿದ್ದಲು ತರಲು ಹೋಗಿದ್ದಾಗ, ನಾಲ್ಕು ಜನ ಹುಡುಗರು ಮುಖಕ್ಕೆ ಹಿಟ್ಟಿನ ಚೀಲ ಹಾಕಿಕೊಂಡು ಒಳಗೆ ನುಗ್ಗಿದರಂತೆ. ದನಿಯಿಂದ ಗುರುತು ಸಿಗಬಾರದೆಂದು ಮುಖವಾಡ ಹಾಕಿದವರು ಬಾಯಿ ಬಿಡದಿರುವುದು ಆಗಿನ ರೂಢಿ. ನಾಲ್ವರೂ ಅವಳ ಸುತ್ತ ನಿಂತು, ಸುಮ್ಮನೆ ನೋಡಿ, ಮೇಜಿನ ಮೇಲಿದ್ದ ಕಡಲೆಕಾಯಿ ಬಾಚಿಕೊಂಡು ಹೊರಟುಹೋದರು. ಅಷ್ಟೇ. ಒಬ್ಬ ಅವಳ ಸ್ವಂತ ಚಿಕ್ಕಪ್ಪನ ಮಗನೆಂದು ಆಮೇಲೆ ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಕಡಿಮೆಯಾಗಲಿಲ್ಲ.

"ಒಂದು ಮಾತಾಡಿದ್ರೆ ಸಾಕಿತ್ತು ಊನಾ," ಎಂದು ಐವತ್ತು ದಾಟಿದ ಮೇಲೂ ನನ್ನ ಬಳಿ ಹೇಳಿದ್ದಾಳೆ. "ಥೂ ಅಂತ ಬೈದಿದ್ರೂ ಸಾಕಿತ್ತು."

ಅಂದಿನಿಂದ ಪ್ರತಿ ಅಕ್ಟೋಬರ್ ಮೂವತ್ತೊಂದರಂದು ಮುಂಬಾಗಿಲ ದೀಪ ಆರಿಸಿ, ಎರಡು ಚಿಲಕ ಹಾಕಿ, ಹಿಂದಿನ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿಟ್ಟು ಕೂರುತ್ತಾಳೆ. ಮಿಠಾಯಿ ಕೇಳಲು ಬರುವ ಮಕ್ಕಳಿಗೂ ಇದು ಗೊತ್ತು. ಅವರು ಅವಳ ಗೇಟು ಬಿಟ್ಟು ನೇರ ನನ್ನ ಗೇಟಿಗೆ ಬರುತ್ತಾರೆ.

ಇಂಥವಳು ಊರಿನ ಅರ್ಧದಷ್ಟು ಹೆಂಗಸರ ಉಗುರಿನ ಮೇಲೆ ಭೂತ ಬರೆಯುವವಳಾದದ್ದು ಹೇಗೆಂದರೆ, ಅದು ಅವಳ ಅಮ್ಮನಿಂದ. ಮಜೆಲ್ಲಾ ಮೊದಲು ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿದ ವರ್ಷವೇ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಎಂಟು ವರ್ಷ ಹಾಸಿಗೆ. ಮಾತು ಹೋಗಿತ್ತು, ಕೈ ಹೊದಿಕೆಯ ಮೇಲೆ ಬಿದ್ದಿರುತ್ತಿತ್ತು, ಕಣ್ಣು ಆ ಕೈಯನ್ನೇ ನೋಡುತ್ತಿತ್ತು. ನೋಡಲು ಏನಾದರೂ ಇರಲಿ ಎಂದು ಮಜೆಲ್ಲಾ ಉಗುರುಗಳಿಗೆ ಬಣ್ಣ ಹಚ್ಚತೊಡಗಿದಳು. ಒಂದು ಅಕ್ಟೋಬರಿನಲ್ಲಿ ಗುಂಡುಸೂಜಿಯ ಮೊನೆಯಿಂದ ಹತ್ತು ಉಗುರಿಗೂ ಹತ್ತು ಕುಂಬಳಕಾಯಿ ಬರೆದಳು, ಒಂದೊಂದಕ್ಕೂ ಒಂದೊಂದು ಮುಖ. ಮುದುಕಿ ನಕ್ಕಳು. ಮನೆಗೆ ಬಂದುಹೋಗುವ ನರ್ಸ್ ಅದನ್ನು ನೋಡಿ, "ನನಗೂ ಬರೀತೀಯ?" ಎಂದಳು. ಅಲ್ಲಿಂದ ಶುರು.

ಅಮ್ಮ ತೀರಿಕೊಂಡ ಮೇಲೆ ಅದೇ ಕೆಲಸವಾಯಿತು. ಅಂಗಡಿ ತೆರೆಯಲಿಲ್ಲ, ಅಂಗಡಿಗೆ ಯಾರು ಬೇಕಾದರೂ ನುಗ್ಗಬಹುದಲ್ಲ. ಅಡುಗೆಮನೆಯ ಮೇಜಿನ ಮೇಲೆ ದಪ್ಪ ಟವೆಲು, ಜೆಲ್ ಎಂಬ ಅಂಟುಬಣ್ಣ ಒಣಗಿಸುವ ಪುಟ್ಟ ದೀಪದ ಪೆಟ್ಟಿಗೆ, ಉಗುರು ಉಜ್ಜುವ ಅರಗಳು, ಹುಬ್ಬಿನ ಕೂದಲಿಗಿಂತ ಸಣ್ಣ ಕುಂಚಗಳು. ಸೆಪ್ಟೆಂಬರ್ ಮುಗಿಯುವ ಮೊದಲೇ ಒಂದು ಶಾಲಾ ನೋಟುಪುಸ್ತಕದಲ್ಲಿ ಪುಟಕ್ಕೆ ಹತ್ತು ಉಗುರು ಬಿಡಿಸಿ ಆ ವರ್ಷದ ಚಿತ್ರಗಳನ್ನು ಯೋಚಿಸುತ್ತಾಳೆ. ಬಿಳಿ ಬಣ್ಣ ಹಸಿಯಿರುವಾಗಲೇ ಕಪ್ಪು ಸುತ್ತುಗಳನ್ನಿಟ್ಟು, ನಡುವಿನಿಂದ ಅಂಚಿಗೆ ಸೂಜಿ ಎಳೆದರೆ ಜೇಡನ ಬಲೆ. ಕೆಂಪು ಜೆಲ್ಲನ್ನು ದಪ್ಪ ತೊಟ್ಟಾಗಿಟ್ಟು ಉಗುರನ್ನು ವಾಲಿಸಿ ಹಿಡಿದರೆ ಇಳಿಯುವ ರಕ್ತ. ಹೊಲಿಗೆ ಹಾಕಿದ ಗಾಯ, ನರ ಎದ್ದ ಕಣ್ಣುಗುಡ್ಡೆ, ಶವಪೆಟ್ಟಿಗೆ, ಬಾವಲಿ. ಆದರೆ ಜನ ಬರುವುದು ಅವಳ ಭೂತಗಳಿಗಾಗಿ. ಅವು ಹೆದರಿಸುವ ಭೂತಗಳಲ್ಲ, ಹೆದರಿದ ಭೂತಗಳು. ಬಾಯಿ ಗುಂಡಗೆ ತೆರೆದು, ಕಣ್ಣು ಅಗಲಿಸಿ, ಪಕ್ಕದ ಬೆರಳಿನಲ್ಲಿ ಏನಿದೆಯೋ ಎಂದು ಓರೆಯಾಗಿ ನೋಡುತ್ತಿರುತ್ತವೆ.

"ಇಷ್ಟೆಲ್ಲ ಹೆದರೋಳು ಇದನ್ನ ಹೇಗೆ ಬರೀತೀಯ?" ಎಂದು ಒಮ್ಮೆ ಕೇಳಿದ್ದೆ.

"ಇದು ಬೆರಳಿನಷ್ಟೂ ಇಲ್ವಲ್ಲ. ಜಾಸ್ತಿ ಆಟ ಆಡಿದ್ರೆ ಹತ್ತಿಯಲ್ಲಿ ಒರೆಸಿ ಬಿಸಾಕ್ತೀನಿ," ಎಂದಳು.

ಹತ್ತಿಯಿಂದ ಒರೆಸಿದರೆ ಹೋಗದ್ದು ಅವಳ ಮೇಜಿನ ಮೇಲೆ ಬಂದದ್ದು ಹೋದ ವರ್ಷ, ಹ್ಯಾಲೋವೀನಿಗೆ ಸರಿಯಾಗಿ ಒಂದು ವಾರ ಮೊದಲಿನ ಗುರುವಾರ. ಬಂದದ್ದು ಗೊರೆಟ್ಟಿ ಮೆಕ್‌ಡೇಡ್‌ಳ ಕೈಯಲ್ಲಿ.

ಗೊರೆಟ್ಟಿ ಶಾಲೆಯ ಬಸ್ಸು ಓಡಿಸುವವಳು. ಮಜೆಲ್ಲಾಳಿಗೆ ಒಂದನೇ ತರಗತಿಯಿಂದ ಗೆಳತಿ. ಶಾಲೆಯ ಅಂಗಳಕ್ಕೆ ನಾಯಿ ಬಂದರೆ ಮಜೆಲ್ಲಾಳ ಮುಂದೆ ನಿಲ್ಲುತ್ತಿದ್ದವಳು. ಗಂಡ ಸತ್ತಾಗಲೂ ಅವಳು ಕೈಕಾಲು ಬಿಟ್ಟದ್ದನ್ನು ಯಾರೂ ನೋಡಿಲ್ಲ. ಹ್ಯಾಲೋವೀನ್ ರಜೆಗೆ ಮೊದಲಿನ ಶುಕ್ರವಾರ ಪ್ರತಿ ವರ್ಷವೂ ಮಾಟಗಾತಿಯ ವೇಷದಲ್ಲಿ ಬಸ್ಸು ಓಡಿಸುತ್ತಾಳೆ. ಮಕ್ಕಳು ಅದಕ್ಕಾಗಿ ವರ್ಷವಿಡೀ ಕಾಯುತ್ತಾರೆ. ಅದರ ಹಿಂದಿನ ಮಧ್ಯಾಹ್ನ ಉಗುರು ಮಾಡಿಸಿಕೊಳ್ಳಲು ಬರುವುದು ಪದ್ಧತಿ.

ಆಗ ನಾನೂ ಆ ಮೇಜಿಗೇ ಕೂತಿದ್ದೆ, ಎಡಗೈ ದೀಪದ ಪೆಟ್ಟಿಗೆಯೊಳಗೆ. ಗೊರೆಟ್ಟಿ ಹಿಂಬಾಗಿಲನ್ನು ದಡದಡ ಬಡಿದಳು.

"ಏನೇ ಇದು, ಹಾಡಹಗಲಲ್ಲಿ ಚಿಲಕ? ಯಾರು ಎತ್ಕೊಂಡು ಹೋಗ್ತಾರೆ ನಿನ್ನ?"

"ನಿನ್ನಂಥವ್ರು ಒಳಗೆ ಬರಬಾರ್ದು ಅಂತಾನೇ ಹಾಕಿದ್ದು," ಎಂದು ಮಜೆಲ್ಲಾ ತೆಗೆದಳು.

"ಊನಾ, ನಿನ್ನ ಎದೆ ಹೇಗಿದೆ ಕಣೇ? ಆಂಬುಲೆನ್ಸ್ ಹೇಳಿಟ್ಟಿದಾಳಾ?" ಎಂದು ನನ್ನತ್ತ ಕಣ್ಣು ಮಿಟುಕಿಸಿ, ಮೇಜಿನ ಮೇಲಿದ್ದ ಬ್ರ್ಯಾಕ್ ರೊಟ್ಟಿಯ ದೊಡ್ಡ ಹೋಳನ್ನೇ ಎತ್ತಿಕೊಂಡಳು. ಈ ಹಬ್ಬದ ಸಿಹಿ ರೊಟ್ಟಿಯೊಳಗೆ ಒಂದು ಉಂಗುರ ಹುದುಗಿಸಿರುತ್ತಾರೆ, ಸಿಕ್ಕಿದವರಿಗೆ ಆ ವರ್ಷ ಮದುವೆ. ಎರಡನೇ ತುತ್ತಿಗೆ ಉಂಗುರ ಹಲ್ಲಿಗೆ ಸಿಕ್ಕಿತು.

"ಮದುವೆ ಯೋಗ!" ಎಂದೆ.

"ಒಬ್ಬನ್ನ ಹೂತು ಬಂದಿದೀನಿ, ಸಾಲದಾ?" ಎಂದು ಉಂಗುರವನ್ನು ತಟ್ಟೆಗೆ ಉಗಿದಳು.

ಅವಳ ಉಗುರಿನ ಮೇಲೆ ಆಗಲೇ ದಪ್ಪ ಕಪ್ಪು ಬಣ್ಣವಿತ್ತು. ಮಜೆಲ್ಲಾ ಕೈ ಹಿಡಿದು ನೋಡಿ ಮುಖ ಸಿಂಡರಿಸಿದಳು. "ಇದನ್ನ ಬಳಿದದ್ದು ಯಾರು? ಹಿತ್ತಲ ಗೋಡೆಗೆ ಡಾಂಬರು ಬಳಿದ ಹಾಗಿದೆ."

"ನಾನೇ. ಚೆನ್ನಾಗಿದೆ ಅಲ್ವಾ?"

"ಬಸ್ಸು ಓಡಿಸು ನೀನು, ಸಾಕು."

ದ್ರಾವಕದಲ್ಲಿ ಅದ್ದಿದ ಹತ್ತಿಯನ್ನು ಪ್ರತಿ ಉಗುರಿಗೂ ಇಟ್ಟು ತವರದ ಹಾಳೆ ಸುತ್ತಿದಳು. ಹತ್ತು ನಿಮಿಷ ಚಹಾ, ಮಾತು. ಬೆಳ್ಳಿಯ ಬೆರಳುಗಳನ್ನು ಅಲ್ಲಾಡಿಸುತ್ತ ಗೊರೆಟ್ಟಿ ಶಾಲೆಯ ಮುಖ್ಯೋಪಾಧ್ಯಾಯಿನಿಯ ಅಣಕ ಮಾಡುತ್ತಿದ್ದಳು. ಮಜೆಲ್ಲಾ ಒಂದೊಂದೇ ಹಾಳೆ ಕಳಚಿ, ಬಣ್ಣ ಒರೆಸುತ್ತ ಬಂದಳು. ಕೊನೆಗೆ ಬಲಗೈ ಹೆಬ್ಬೆರಳು.

ಒರೆಸಿದಳು. ಹೊಸ ಹತ್ತಿ ತೆಗೆದುಕೊಂಡು ಮತ್ತೆ ಒರೆಸಿದಳು. ಮೂರನೇ ಸಲವೂ.

ಉಗುರಿನ ಬುಡದಿಂದ ತುದಿಯವರೆಗೆ ಪೆನ್ಸಿಲ್ಲಿನಷ್ಟು ಅಗಲದ ಒಂದು ಪಟ್ಟೆ ಇತ್ತು. ಒಂದು ಅಂಚು ಕಾಫಿಯ ಬಣ್ಣ, ಇನ್ನೊಂದು ಅಂಚು ಕಪ್ಪು. ಬುಡದಲ್ಲಿ ಅದು ಉಗುರಿನೊಳಗೆ ನಿಲ್ಲದೆ, ಶಾಯಿ ಕಾಗದದಲ್ಲಿ ಹರಡಿದಂತೆ ಚರ್ಮಕ್ಕೂ ಇಳಿದಿತ್ತು.

"ಅದು ಹೋಗಲ್ಲ ಬಿಡೇ," ಎಂದಳು ಗೊರೆಟ್ಟಿ. "ಬಸ್ಸಿನ ಬಾಗಿಲಿಗೆ ಸಿಕ್ಕಿದ್ದು."

"ಯಾವಾಗ?"

"ಯಾವಾಗ್ಲೋ. ಬೇಸಿಗೇಲಿ. ಪೊಲೀಸಿನವಳ ಹಾಗೆ ಕೇಳ್ತೀಯಲ್ಲ."

ಮಜೆಲ್ಲಾಳ ಮುಖದಿಂದ ರಕ್ತ ಇಳಿದದ್ದು ನನಗೆ ಕಂಡಿತು. ಅವಳು ಹೆದರುವುದನ್ನು ನೂರಾರು ಸಲ ನೋಡಿದ್ದೇನೆ. ಹೆದರಿದರೆ ಕಿರುಚುತ್ತಾಳೆ, ಪಾತ್ರೆ ಬೀಳಿಸುತ್ತಾಳೆ, ಮಾತಿನ ಮೇಲೆ ಮಾತು ಆಡುತ್ತಾಳೆ. ಇವತ್ತು ಸದ್ದೇ ಇಲ್ಲ. ಎಡಗೈಯಿಂದ ಶುರುಮಾಡಿದಳು. ಮಾಟಗಾತಿಯ ಟೋಪಿ, ಬಲೆ, ಕಡಾಯಿ, ಹೆದರಿದ ಭೂತ. ಕುಂಚ ಎಳ್ಳಷ್ಟೂ ನಡುಗಲಿಲ್ಲ. ಒಂಬತ್ತು ಉಗುರು ಮುಗಿದವು. ಹೆಬ್ಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದು ಕುಂಚವನ್ನು ಕೆಳಗಿಟ್ಟಳು.

"ಬಿಳಿ ಜೆಲ್ ಮುಗೀತು," ಎಂದಳು.

ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ ಎರಡು ತುಂಬಿದ ಬಾಟಲಿಗಳಿದ್ದವು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ನನ್ನ ಕಾಲಿಗೆ ಒದೆ ಬಿತ್ತು.

"ಇದೊಳ್ಳೆ ಕಥೆ! ಹೆಬ್ಬೆರಳು ಏನು ಪಾಪ ಮಾಡಿತ್ತೇ?" ಎಂದು ಗೊರೆಟ್ಟಿ ನಕ್ಕಳು. ಆದರೆ ನಕ್ಕವಳು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡೇ ಎದ್ದಳು.

ಅವಳು ಹೋದ ಮೇಲೆ ಮಜೆಲ್ಲಾ ಚಿಲಕ ಹಾಕಲೂ ಮರೆತಳು. ಕಪಾಟಿನ ಮೇಲಿಂದ ಒಂದು ಹಳೆಯ ಕಡತ ತೆಗೆದಳು. ಹಿಂದೆ ಲೆಟರ್‌ಕೆನ್ನಿಯಲ್ಲಿ ಒಂದು ದಿನದ ಉಗುರಲಂಕಾರದ ತರಬೇತಿಗೆ ಹೋಗಿದ್ದಾಗ ಕೊಟ್ಟ ಹಾಳೆಗಳು. ಅದರಲ್ಲಿ ಒಂದು ಹಾಳೆಗೆ ಬಿಳಿ ಕಾಗದ ಅಂಟಿಸಿ ಮುಚ್ಚಿದ್ದಳು. ನೋಡಲಾಗದೆ ತಾನೇ ಅಂಟಿಸಿದ್ದು. ಈಗ ಉಗುರಿನಿಂದ ಕೆರೆದು ಕಿತ್ತಳು. ಒಳಗೆ ಒಂದು ಹೆಬ್ಬೆರಳಿನ ಚಿತ್ರ. ಗೊರೆಟ್ಟಿಯದೇ ಎನ್ನುವಂತಿತ್ತು. ಕೆಳಗೆ ಎರಡು ಸಾಲು: ಪಟ್ಟೆ ಅಗಲವಾಗುತ್ತಿದ್ದರೆ, ಚರ್ಮಕ್ಕೆ ಇಳಿದಿದ್ದರೆ, ಬಣ್ಣ ಹಚ್ಚಬೇಡಿ, ಇದು ಚರ್ಮದ ಕ್ಯಾನ್ಸರ್ ಆಗಿರಬಹುದು, ವೈದ್ಯರ ಬಳಿ ಕಳಿಸಿ.

"ಆಗಿರಬಹುದು ಅಂತ ತಾನೇ ಇರೋದು," ಎಂದೆ.

ಅವಳು ಫೋನಿನಲ್ಲಿ ಹಿಂದಿನ ವರ್ಷದ ಫೋಟೋಗಳನ್ನು ಮೇಲೆ ಮೇಲೆ ಸರಿಸತೊಡಗಿದಳು. ಬಣ್ಣ ಹಚ್ಚುವ ಮೊದಲೊಂದು, ಹಚ್ಚಿದ ಮೇಲೊಂದು ಫೋಟೋ ತೆಗೆದಿಡುವುದು ಅವಳ ಕ್ರಮ. ಅಲ್ಲಿತ್ತು. ಅದೇ ಕೈ, ಅದೇ ಹೆಬ್ಬೆರಳು, ಕೂದಲೆಳೆಯಷ್ಟು ತೆಳುವಾದ ಒಂದು ಕಂದು ಗೆರೆ. ಅದರ ಮುಂದಿನ ಫೋಟೋದಲ್ಲಿ ತೆಳು ಬಣ್ಣದ ಕೆಳಗೆ ಆ ಗೆರೆ ಹಾಗೇ ಕಾಣುತ್ತಿತ್ತು, ಅದರ ತುದಿಗೆ ಒಂದು ಜೇಡ ನೇತಾಡುತ್ತಿತ್ತು.

"ನಾನು ನೋಡಿದ್ದೆ ಊನಾ," ಎಂದಳು. "ಹೋದ ವರ್ಷವೇ ನೋಡಿದ್ದೆ. ಗೆರೆ ಇರೋದು ಒಳ್ಳೇದೇ ಆಯ್ತು, ದಾರ ಎಳೆಯೋ ಕೆಲಸ ಉಳೀತು ಅಂದ್ಕೊಂಡೆ." ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಮರುದಿನ ಮಧ್ಯಾಹ್ನ ಅವಳು ಬಸ್ಸು ನಿಲ್ಲುವ ಅಂಗಳಕ್ಕೆ ಹೋದಳು. ನಾನು ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಅಲ್ಲಿನ ಕಾವಲುನಾಯಿ ಸರಪಳಿಯುದ್ದಕ್ಕೂ ಹಾರುತ್ತದೆ. ಅದನ್ನು ದಾಟಿ ಹೋಗಿ, ಮಕ್ಕಳೆಲ್ಲ ಇಳಿದು ಖಾಲಿಯಾದ ಬಸ್ಸನ್ನು ಹತ್ತಿದಳಂತೆ. ಆ ದಿನ ಏನು ಮಾತಾಯಿತೆಂದು ಅವರಿಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಎರಡೂ ಹೆಚ್ಚುಕಡಿಮೆ ಒಂದೇ.

ಗೊರೆಟ್ಟಿ ಚೂಪು ಟೋಪಿ ಹಾಕಿಕೊಂಡು ಸೀಟುಗಳ ಕೆಳಗೆ ಬಿದ್ದ ಮಿಠಾಯಿ ಕಾಗದ ಆರಿಸುತ್ತಿದ್ದಳು. ಮಜೆಲ್ಲಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮೆಟ್ಟಿಲಲ್ಲೇ ಬಿದ್ದುಹೋದವು.

"ನಿನ್ನ ಹೆಬ್ಬೆರಳು ಡಾಕ್ಟರಿಗೆ ತೋರಿಸ್ಬೇಕು."

"ಬಾಗಿಲಿಗೆ ಸಿಕ್ಕಿದ್ದು ಅಂದ್ನಲ್ಲ."

"ಪೆಟ್ಟಾಗಿದ್ರೆ ಉಗುರಿನ ಜೊತೆ ಬೆಳೆದು ಹೊರಗೆ ಹೋಗುತ್ತೆ ಗೊರೆಟ್ಟಿ. ಇದು ಹೋಗ್ತಿಲ್ಲ, ಅಗಲ ಆಗ್ತಿದೆ. ಹೋದ ವರ್ಷದ ಫೋಟೋ ಇದೆ ನನ್ನ ಹತ್ರ. ನೋಡು."

ಗೊರೆಟ್ಟಿ ನೋಡಲಿಲ್ಲ. ಕಾಗದದ ಚೀಲವನ್ನು ನೆಲಕ್ಕೆ ಬಡಿದಳು. "ನಿನಗೆ ಎಲ್ಲದ್ರಲ್ಲೂ ಸಾವೇ ಕಾಣೋದು! ಊನಾಳ ಎದೆಯುರಿಗೆ ಆಂಬುಲೆನ್ಸ್ ಕರೆಸಿದೋಳು ನೀನು. ಚರ್ಚಿನ ಗಂಟೆ ಎರಡು ಸಲ ಹೆಚ್ಚಿಗೆ ಹೊಡೆದ್ರೆ ಮಂಚದ ಕೆಳಗೆ ಹೋಗೋಳು. ಈಗ ನನ್ನ ಬೆರಳಿಗೆ ಬಂದ್ಯಾ?"

"ಈ ಸಲ ಹಾಗಲ್ಲ ಕಣೇ..."

"ಇಳಿ. ಇಳಿಯೇ ನನ್ನ ಬಸ್ಸಿಂದ."

ಮಜೆಲ್ಲಾ ಇಳಿದಳು. ಮನೆಗೆ ಬಂದು ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೋಟು ತೆಗೆಯದೆ ಕೂತಳು. ನಾಯಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಆಮೇಲಿನ ಆರು ದಿನ ಅವಳ ಮೇಜು ಖಾಲಿಯಿರಲಿಲ್ಲ. ವರ್ಷದಲ್ಲೇ ದಟ್ಟಣೆಯ ವಾರ ಅದು. ಹತ್ತಿರದ ಡೆರ್ರಿ ಪಟ್ಟಣದ ಹ್ಯಾಲೋವೀನ್ ಮೆರವಣಿಗೆಗೆ ಹೋಗುವ ಹುಡುಗಿಯರು ಇಬ್ಬಿಬ್ಬರಾಗಿ ಬರುತ್ತಿದ್ದರು. ಆದರೆ ಈಗ ಯಾರು ಬಂದರೂ ಮೊದಲು ಹತ್ತು ಬೆರಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಬ್ಬಳ ಉಗುರಿನ ಕೆಳಗೆ ಸೇರಿಕೊಂಡಿದ್ದ ಚಾಕೊಲೇಟನ್ನು ಕಂಡು ಕುರ್ಚಿಯಿಂದ ಎದ್ದುಬಿಟ್ಟಳು. ಹುಡುಗಿಯರು ನಕ್ಕರು. ಇವಳು ರಕ್ತದ ತೊಟ್ಟು ಬರೆದಳು, ಕಣ್ಣುಗುಡ್ಡೆ ಬರೆದಳು. ಭೂತ ಬರೆಯಲು ಹೇಳಿದರೆ ಈ ಸಲ ಬರುತ್ತಿಲ್ಲ ಎಂದಳು. ದಿನಕ್ಕೆ ಎರಡು ಸಲ ಗೊರೆಟ್ಟಿಗೆ ಫೋನು ಮಾಡುತ್ತಿದ್ದಳು, ಫೋನಿಗೆ ಹೆದರುವವಳು. ಗೊರೆಟ್ಟಿ ಎತ್ತಲಿಲ್ಲ.

"ನನ್ನದು ತಪ್ಪಾಗಿದ್ರೆ ಅವಳು ಜನ್ಮಪೂರ್ತಿ ನನ್ನ ಮಾತಾಡಿಸಲ್ಲ," ಎಂದಳು ಒಂದು ದಿನ. "ಸರಿಯಾಗಿದ್ರೆ..."

ಹ್ಯಾಲೋವೀನ್ ದಿನ ಸಂಜೆ ಐದೂವರೆಗೆ ನನ್ನ ಬಾಗಿಲು ಬಡಿದರು. ಮೊದಲ ಮಕ್ಕಳೆಂದು ಮಿಠಾಯಿಯ ಬುಟ್ಟಿ ಹಿಡಿದುಕೊಂಡೇ ತೆರೆದೆ. ಮಜೆಲ್ಲಾ ನಿಂತಿದ್ದಳು, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿ, ಕೈಯಲ್ಲಿ ಹತ್ತಿ ಮತ್ತು ದ್ರಾವಕದ ಚೀಲ. ಹಿಂದೆ ಬೀದಿಯಲ್ಲಿ ಪಟಾಕಿ ಸಿಡಿಯುತ್ತಿತ್ತು.

"ಗೊರೆಟ್ಟಿ ಮನೆಗೆ ಹೋಗ್ತಿದೀನಿ. ಇವತ್ತು ಯಾರು ಬಡಿದ್ರೂ ಬಾಗಿಲು ತೆಗೀತಾಳೆ ಅವಳು, ಮಕ್ಕಳು ಅಂತ. ನೀನು ಬರ್ತೀಯ?"

ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟು ಹೊರಟೆ. ಬೇಕಾದಷ್ಟು ತೆಗೆದುಕೊಳ್ಳಲಿ.

ಗೊರೆಟ್ಟಿಯ ಮನೆ ಅರ್ಧ ಮೈಲಿ. ಆ ಅರ್ಧ ಮೈಲಿಯಲ್ಲಿ ಮಜೆಲ್ಲಾ ನನ್ನ ತೋಳನ್ನು ಹಿಡಿದ ಗುರುತು ಒಂದು ವಾರ ನೀಲಿಯಾಗಿ ಉಳಿಯಿತು. ತಲೆಬುರುಡೆಗಳು, ಬ್ಯಾಂಡೇಜು ಸುತ್ತಿಕೊಂಡವರು, ಕೊಡಲಿ ನೆಟ್ಟ ತಲೆಗಳು ಎದುರಿಗೆ ಬರುತ್ತಿದ್ದವು. ಪುಟ್ಟ ಮಕ್ಕಳು ಕೂಗಿಕೊಂಡು ಓಡಾಡುತ್ತಿದ್ದರು, ಅವರಿಂದ ತೊಂದರೆಯಿರಲಿಲ್ಲ. ಚರ್ಚಿನ ತಿರುವಿನಲ್ಲಿ ಐದಾರು ಜನ ದೊಡ್ಡ ಹುಡುಗರು ಬಿಳಿ ಮುಖವಾಡ ಹಾಕಿ ಗೋಡೆಗೆ ಒರಗಿ ನಿಂತಿದ್ದರು. ನಾವು ಹತ್ತಿರ ಬಂದಾಗ ಮಾತು ನಿಲ್ಲಿಸಿದರು. ಎಲ್ಲ ಮುಖಗಳೂ ಒಟ್ಟಿಗೆ ನಮ್ಮತ್ತ ತಿರುಗಿದವು.

ಮಜೆಲ್ಲಾ ನಿಂತುಬಿಟ್ಟಳು. ಅವಳ ಉಸಿರು ಸಣ್ಣಗೆ ಸಿಳ್ಳೆಯಾಗಿ ಬರುತ್ತಿತ್ತು.

"ವಾಪಸ್ ಹೋಗೋಣ?" ಎಂದೆ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು.

ಅವಳು ತಲೆಯಾಡಿಸಿದಳು, ಬೇಡವೆಂದು. ಕಣ್ಣು ಮುಚ್ಚಿಕೊಂಡಳು. "ನಡೆಸ್ಕೊಂಡು ಹೋಗು." ಕುರುಡಿಯನ್ನು ದಾಟಿಸಿದಂತೆ ದಾಟಿಸಿದೆ. ಒಬ್ಬ ಹುಡುಗ ಹಿಂದಿನಿಂದ "ಹ್ಯಾಪಿ ಹ್ಯಾಲೋವೀನ್, ಮಜೆಲ್ಲಾ!" ಎಂದು ಕೂಗಿದ. ಅವಳು ಕಣ್ಣು ತೆರೆಯಲಿಲ್ಲ.

ಗೊರೆಟ್ಟಿ ಮುಖಕ್ಕೆ ಹಸಿರು ಬಳಿದುಕೊಂಡು, ಟೋಪಿ ಹಾಕಿ ಬಾಗಿಲು ತೆರೆದಳು. ನಗುತ್ತ ತೆರೆದವಳು ನಮ್ಮನ್ನು ನೋಡಿ ನಗು ನಿಲ್ಲಿಸಿದಳು. ಮಜೆಲ್ಲಾಳನ್ನು ಹ್ಯಾಲೋವೀನ್ ಸಂಜೆ ಬೀದಿಯಲ್ಲಿ ಕಂಡದ್ದು ಅವಳ ಜೀವಮಾನದಲ್ಲೇ ಮೊದಲು. ಬಾಗಿಲ ಹಿಡಿಯ ಮೇಲಿದ್ದ ಹೆಬ್ಬೆರಳಿಗೆ ಮತ್ತೆ ಆ ಡಾಂಬರಿನಂಥ ಕಪ್ಪು.

"ನಡೆದು ಬಂದ್ಯಾ?" ಎಂದಳು.

"ಹ್ಞೂಂ."

"ಇವತ್ತು?"

ಮಜೆಲ್ಲಾ ಚೀಲವನ್ನು ಮುಂದೆ ಹಿಡಿದಳು. ಗೊರೆಟ್ಟಿ ಅವಳ ಕೈಯಲ್ಲಿದ್ದ ಚೀಲ ನೋಡಿದಳು. ಮುಂಬಾಗಿಲ ದೀಪ ಆರಿಸಿದಳು. ಒಳಗೆ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬಲಗೈಯನ್ನು ಮುಂದಕ್ಕೆ ಚಾಚಿದಳು. ಹಸಿರು ಮುಖದ ಮೇಲೆ ಕಣ್ಣೀರು ಎರಡು ಬಿಳಿ ದಾರಿ ಮಾಡಿಕೊಂಡು ಇಳಿಯುತ್ತಿತ್ತು.

"ಬಾಗಿಲಿಗೆ ಸಿಕ್ಕಿದ್ದಲ್ಲ ಕಣೇ," ಎಂದಳು. "ಏನೂ ಆಗಿರ್ಲಿಲ್ಲ. ಈಸ್ಟರ್ ಹೊತ್ತಿಗೆ ಅಗಲ ಆಗಿದ್ದು ನೋಡಿದೆ. ಆವತ್ತಿಂದ ಕಪ್ಪು ಬಳೀತಾನೇ ಇದೀನಿ, ಕಾಣದಿರಲಿ ಅಂತ. ಸ್ನಾನ ಮಾಡುವಾಗ್ಲೂ ತೆಗೀತಿರ್ಲಿಲ್ಲ. ನಮ್ಮಪ್ಪ ಹೇಗೆ ಹೋದ್ರು ಅಂತ ನೀನೇ ನೋಡಿದೀಯಲ್ಲ. ಮೂವತ್ತೈದು ಕೆಜಿ ಇದ್ರು ಕೊನೆಗೆ. ನನ್ನ ಕೈಲಿ ಆಗಲ್ಲ ಮಜೆಲ್ಲಾ. ನನಗೆ ಭಯ ಆಗುತ್ತೆ."

"ನನಗೂ," ಎಂದಳು ಮಜೆಲ್ಲಾ. ಹತ್ತಿ ಅದ್ದಿ ಬಣ್ಣ ಒರೆಸಿದಳು. ಒಂದು ವಾರದಲ್ಲಿ ಅದೇನೂ ಬದಲಾಗಿರಲಿಲ್ಲ, ಆದರೂ ಮೂವರಿಗೂ ದೊಡ್ಡದಾದಂತೆ ಕಂಡಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮಜೆಲ್ಲಾ ತಾನೇ ಫೋನು ಮಾಡಿ ವೈದ್ಯರ ಸಮಯ ಕೇಳಿದಳು, ಹನ್ನೊಂದಕ್ಕೆ ಇಬ್ಬರೂ ಹೋದರು. ವೈದ್ಯೆ ಹಿಂದಿನ ವರ್ಷದ, ಈ ವರ್ಷದ ಎರಡು ಫೋಟೋಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, "ಇವನ್ನ ನನಗೆ ಕಳಿಸ್ತೀರಾ?" ಎಂದರಂತೆ. ಮುಂದಿನದು ಬೇಗ ಬೇಗ ನಡೆಯಿತು. ಲೆಟರ್‌ಕೆನ್ನಿಯ ಆಸ್ಪತ್ರೆ, ಅಲ್ಲಿಂದ ಗಾಲ್ವೇಯ ದೊಡ್ಡಾಸ್ಪತ್ರೆ. ಉಗುರು ಕಿತ್ತು ಒಳಗಿನ ಚೂರು ತೆಗೆದರು. ಫಲಿತಾಂಶಕ್ಕೆ ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಗೊರೆಟ್ಟಿ ಮಜೆಲ್ಲಾಳ ಮನೆಯಲ್ಲೇ ಇದ್ದಳು. ಗೋಡೆಯಾಚೆ ಇಬ್ಬರೂ ಜಗಳವಾಡುವುದು, ಪಾತ್ರೆ ಬೀಳಿಸುವುದು ನನಗೆ ಕೇಳಿಸುತ್ತಿತ್ತು. ಫೋನು ರಿಂಗಾದರೆ ಈಗ ಇಬ್ಬರು ಬೆಚ್ಚುತ್ತಿದ್ದರು.

ಕ್ಯಾನ್ಸರೇ ಆಗಿತ್ತು. ಹೆಬ್ಬೆರಳನ್ನು ಮೊದಲ ಗೆಣ್ಣಿನವರೆಗೆ ತೆಗೆದರು. ಕಂಕುಳಿನ ದುಗ್ಧಗ್ರಂಥಿಯೊಂದನ್ನು ತೆಗೆದು ನೋಡಿದರೆ ರೋಗ ಅಲ್ಲಿಗೆ ಹೋಗಿರಲಿಲ್ಲ.

ಶಸ್ತ್ರಕ್ರಿಯೆ ಮಾಡಿದ ವೈದ್ಯರನ್ನು ಮಜೆಲ್ಲಾ ಮೊಗಸಾಲೆಯಲ್ಲಿ ತಡೆದು ನಿಲ್ಲಿಸಿದಳು. ಆ ದಿನ ಕಾರು ಓಡಿಸಿಕೊಂಡು ಹೋದವಳು ನಾನಾದ್ದರಿಂದ ನಾನೂ ಅಲ್ಲಿದ್ದೆ.

"ಹೋದ ವರ್ಷ ಗೆರೆ ಸಣ್ಣದಿದ್ದಾಗಲೇ ಕಳಿಸಿದ್ರೆ ಬೆರಳು ಉಳೀತಿತ್ತಾ ಡಾಕ್ಟರ್?"

ಅವರು ಸುಳ್ಳು ಹೇಳುವವರಾಗಿರಲಿಲ್ಲ. "ಉಳೀಬಹುದಿತ್ತು," ಎಂದರು. "ಆದ್ರೆ ಆ ಗೆರೆ ನೋಡಿ ನಾವೂ ಸ್ವಲ್ಪ ಕಾಯೋಣ ಅಂದಿರಬಹುದಿತ್ತು. ಖಚಿತವಾಗಿ ಹೇಳೋಕಾಗಲ್ಲ. ಇನ್ನೊಂದು ವರ್ಷ ಬಿಟ್ಟಿದ್ರೆ ಏನಾಗ್ತಿತ್ತು ಅನ್ನೋದನ್ನ ಮಾತ್ರ ಹೇಳಬಲ್ಲೆ. ಅದನ್ನ ಕೇಳಬೇಡಿ."

ಗೊರೆಟ್ಟಿಗೆ ಇದನ್ನು ಹೇಳಿದಾಗ ಅವಳು ಬ್ಯಾಂಡೇಜಿನ ಕೈ ಎತ್ತಿ, "ಹೋದ ವರ್ಷ ಹೇಳಿದ್ರೂ ಇಳಿಯೇ ಬಸ್ಸಿಂದ ಅಂತಾನೇ ಅಂದಿರ್ತಿದ್ದೆ. ಬಿಟ್ಟಾಕು," ಎಂದಳು. ಮಜೆಲ್ಲಾ ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ. ಆ ಜೇಡದ ಫೋಟೋ ಅವಳ ಫೋನಿನಲ್ಲಿದೆ, ಅಳಿಸು ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ.

ಏಪ್ರಿಲಿನಲ್ಲಿ ಗೊರೆಟ್ಟಿ ಮತ್ತೆ ಬಸ್ಸು ಹತ್ತಿದಳು. ಅರ್ಧ ಹೆಬ್ಬೆರಳನ್ನು ಮಕ್ಕಳಿಗೆ ತೋರಿಸಿ, ಸೀಟಿನಿಂದ ಎದ್ದ ಹುಡುಗನೊಬ್ಬ ಕಚ್ಚಿದ್ದು, ಅವನು ಆಮೇಲೆ ಯಾರಿಗೂ ಕಾಣಿಸಿಲ್ಲ ಎನ್ನುತ್ತಾಳೆ. ಅವರು ಅಲ್ಲಾಡದೆ ಕೂರುತ್ತಾರೆ. ಮಜೆಲ್ಲಾ ಇನ್ನೂ ಹೆದರುತ್ತಾಳೆ, ಗುಡುಗಿಗೂ, ಲಕೋಟೆಗೂ, ಎಲ್ಲಕ್ಕೂ. ಅದೇನೂ ವಾಸಿಯಾಗಲಿಲ್ಲ. ಬದಲಿಗೆ ಹೊಸದೊಂದು ಸೇರಿಕೊಂಡಿದೆ. ಮೂರು ತಿಂಗಳಿಗೊಮ್ಮೆ ಗೊರೆಟ್ಟಿಯ ತಪಾಸಣೆ. ಅದರ ಹಿಂದಿನ ವಾರ ಇಬ್ಬರಿಗೂ ಅನ್ನನೀರು ಇಳಿಯುವುದಿಲ್ಲ.

ಈ ಸಲದ ತಪಾಸಣೆ ಮೊನ್ನೆ ಮಂಗಳವಾರ ಇತ್ತು. ನಾನೇ ಕಾರು ಓಡಿಸಿದೆ. ಹೋಗುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ವೈದ್ಯರು ಕಂಕುಳು, ಕತ್ತು, ಬೆನ್ನು ಒತ್ತಿ ಒತ್ತಿ ನೋಡಿ, ಏನೂ ಇಲ್ಲ, ಜನವರಿಯಲ್ಲಿ ಬನ್ನಿ ಎಂದರು. ಇಪ್ಪತ್ತೇ ನಿಮಿಷ. ಹೊರಗೆ ಬಂದ ಮೇಲೆ ಮಜೆಲ್ಲಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಳು.

"ಜನವರಿ ಅಂದ್ರೆ ಎಷ್ಟು ವಾರ?" ಎಂದು ಕೇಳಿದಳು.

"ಈಗ್ಲೇ ಎಣಿಸ್ಬೇಡ ಕಣೇ," ಎಂದಳು ಗೊರೆಟ್ಟಿ.

ದಾರಿಯಲ್ಲಿ ಬಿಸಿ ಆಲೂಗಡ್ಡೆ ಚಿಪ್ಸ್ ಕೊಂಡು, ಕಾರಿನ ಗಾಜು ಏರಿಸಿಕೊಂಡು, ಮೂವರೂ ಒಂದೇ ಪೊಟ್ಟಣದಿಂದ ತಿಂದೆವು. ವಿನೆಗರ್ ಜಾಸ್ತಿಯಾಗಿತ್ತು. ಯಾರೂ ದೂರಲಿಲ್ಲ.